ಕಡಲಿನ ಎತ್ತರ ಬರೆದಿಟ್ಟವರು

1969ರ ಆಗಸ್ಟ್. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಕೆಲವೇ ವಾರಗಳಾಗಿದ್ದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಭೂವಿಜ್ಞಾನಿಗಳು, ಸಾಗರ ವಿಜ್ಞಾನಿಗಳು, ಉಪಗ್ರಹ ಕಟ್ಟುವ ಎಂಜಿನಿಯರುಗಳು ಒಟ್ಟುಗೂಡಿದರು. ಮುಂದಾಳತ್ವ ವಿಲಿಯಂ ಕೌಲಾ ಅವರದು. ಉಪಗ್ರಹಗಳ ಓಟದಲ್ಲಿ ಕಾಣುವ ಸಣ್ಣ ಏರುಪೇರುಗಳಿಂದ ಭೂಮಿಯ ಗುರುತ್ವವನ್ನು ಲೆಕ್ಕ ಹಾಕುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. ಲೋಕವೆಲ್ಲ ಚಂದ್ರನ ಕಡೆ ಕತ್ತೆತ್ತಿ ನಿಂತಿದ್ದಾಗ ಈ ಮಂದಿ ಆಕಾಶದಿಂದ ಕೆಳಕ್ಕೆ, ಕಡಲಿನ ಮೇಲ್ಮೈಗೆ ನೋಡುವ ಮಾತಾಡಿದರು. ಉಪಗ್ರಹದಲ್ಲಿ ಕೂತ ರೇಡಾರ್ ಕಡಲಿನ ಎತ್ತರವನ್ನು 10 ಸೆಂಟಿಮೀಟರಿನೊಳಗಿನ ತಪ್ಪಿನಲ್ಲಿ ಅಳೆಯಬೇಕು ಎಂದು ಅವರ ವರದಿ ಹೇಳಿತು. ಆವರೆಗೆ ಅಂಥ ಒಂದು ಉಪಕರಣವೂ ಮೇಲಕ್ಕೆ ಹೋಗಿರಲಿಲ್ಲ.

ನಾನು ಕಾರವಾರದವನು, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಅಪ್ಪ ಬಂದರಿನಲ್ಲಿ ನೌಕರರಾಗಿದ್ದರು. ಧಕ್ಕೆಯ ಬದಿಗೆ ನೆಟ್ಟಿದ್ದ ಅಳತೆ ಕಂಬದಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸಗಳಲ್ಲಿ ಒಂದು. ಅಲೆ ಏಳುತ್ತ ಬೀಳುತ್ತ ಇರುವಾಗ ಯಾವ ಅಂಕಿ ಬರೆಯುತ್ತೀರಿ ಎಂದು ಹುಡುಗನಾಗಿದ್ದಾಗ ಕೇಳಿದ್ದೆ. ಅಲೆಯ ನೆತ್ತಿ ಮುಟ್ಟಿದ ಗೆರೆ, ಬುಡ ಇಳಿದ ಗೆರೆ, ಎರಡನ್ನೂ ಕೆಲವು ಸಲ ನೋಡಿಕೊಂಡು ನಡುವಿನದನ್ನು ಬರೆಯಬೇಕು, ಅವಸರ ಮಾಡಬಾರದು ಎಂದಿದ್ದರು. ಮುಂದೆ ಉಪಗ್ರಹದ ರೇಡಾರ್ ಬಗ್ಗೆ ಓದುವಾಗ ಅದು ಮಾಡುವುದೂ ಇದೇ ಎಂದು ತಿಳಿದು ಮನಸ್ಸಿಗೆ ಬಹಳ ಸಂತೋಷವಾಯಿತು. ಅದು ನೇರ ಕೆಳಕ್ಕೆ ಮೈಕ್ರೋವೇವ್ ಮಿಡಿತವೊಂದನ್ನು ಕಳಿಸುತ್ತದೆ. ಕೆಲವು ಕಿಲೋಮೀಟರ್ ಅಗಲದ ನೀರಿನ ಮೇಲಿರುವ ಅಸಂಖ್ಯ ಅಲೆಗಳ ನೆತ್ತಿಯಿಂದಲೂ ಬುಡದಿಂದಲೂ ಆ ಮಿಡಿತ ಪುಟಿದು ಬರುತ್ತದೆ. ಹಾಗೆ ಬಂದ ಸಾವಿರಾರು ಮಾರ್ದನಿಗಳ ಸರಾಸರಿ ತೆಗೆದು ನಡುವಿನ ಮಟ್ಟವನ್ನು ಹಿಡಿಯುತ್ತಾರೆ.

ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಉಪಗ್ರಹ 1,336 ಕಿಲೋಮೀಟರ್ ಮೇಲಿದ್ದರೆ ಮಿಡಿತ ಹೋಗಿ ಬರಲು ಸುಮಾರು ಒಂಬತ್ತು ಮಿಲಿಸೆಕೆಂಡು ಬೇಕು. ಈ ಹೊತ್ತಿನ ಲೆಕ್ಕದಲ್ಲಿ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ತಪ್ಪಿದರೂ ಕಡಲಿನ ಎತ್ತರದಲ್ಲಿ 15 ಸೆಂಟಿಮೀಟರ್ ತಪ್ಪುತ್ತದೆ. ದಾರಿಯಲ್ಲಿ ಗಾಳಿ ಮಿಡಿತವನ್ನು ನಿಧಾನಿಸುತ್ತದೆ. ಒಣ ಗಾಳಿಯೊಂದರಿಂದಲೇ ಎರಡು ಮೀಟರಿಗೂ ಮಿಕ್ಕಿದ ವ್ಯತ್ಯಾಸ ಬರುತ್ತದೆ. ಅದರ ಮೇಲೆ ನೀರಾವಿ, ಅದಕ್ಕೂ ಮೇಲೆ ವಿದ್ಯುತ್ ಕಣಗಳಿಂದ ತುಂಬಿದ ಅಯಾನುಗೋಳ. ಇಷ್ಟನ್ನೆಲ್ಲ ಕಳೆದರೂ ನಮಗೆ ಸಿಗುವುದು ಉಪಗ್ರಹದಿಂದ ನೀರಿನವರೆಗಿನ ದೂರ ಮಾತ್ರ. ಉಪಗ್ರಹ ಭೂಮಿಯ ಕೇಂದ್ರದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದು ಬೇರೆಯಾಗಿ ತಿಳಿದಿರಬೇಕು. ಅದೂ ಸೆಂಟಿಮೀಟರುಗಳ ಲೆಕ್ಕದಲ್ಲಿ. ಈ ವಿದ್ಯೆಯ ಇತಿಹಾಸದ ದೊಡ್ಡ ಭಾಗ ಇಂಥ ತಪ್ಪುಗಳನ್ನು ಒಂದೊಂದಾಗಿ ಹುಡುಕಿ ತೆಗೆದವರ ಇತಿಹಾಸವೇ ಆಗಿದೆ.

ಮೊದಲ ಪ್ರಯತ್ನ 1973ರಲ್ಲಿ, ಸ್ಕೈಲ್ಯಾಬ್ ಎಂಬ ಅಮೆರಿಕದ ಬಾಹ್ಯಾಕಾಶ ನಿಲ್ದಾಣದಿಂದ ನಡೆಯಿತು. ಅದರ ಅಳತೆಯಲ್ಲಿ ಒಂದು ಮೀಟರಿನಷ್ಟು ಹೆಚ್ಚುಕಡಿಮೆ ಇತ್ತು. ಹಾಗಿದ್ದೂ ಅಟ್ಲಾಂಟಿಕ್‌ನ ಪೋರ್ಟೊರಿಕೊ ಕಮರಿಯ ಮೇಲೆ ಹಾದುಹೋದಾಗ ಕಡಲಿನ ಮೇಲ್ಮೈ ಸುಮಾರು 15 ಮೀಟರಿನಷ್ಟು ತಗ್ಗಿರುವುದು ಅದಕ್ಕೆ ಸ್ಪಷ್ಟವಾಗಿ ಕಂಡಿತು. ಕಮರಿಯ ತಳ ಇರುವುದು ಎಂಟು ಕಿಲೋಮೀಟರ್ ಆಳದಲ್ಲಿ. ಅಲ್ಲಿ ಕಲ್ಲು ಇರಬೇಕಾದ ಜಾಗದಲ್ಲಿ ಹಗುರವಾದ ನೀರಿದೆ, ಸೆಳೆತ ಕಡಿಮೆ, ಹಾಗಾಗಿ ಮೇಲಿನ ನೀರು ಅಕ್ಕಪಕ್ಕಕ್ಕೆ ಸರಿದು ತಗ್ಗು ಉಂಟಾಗಿದೆ. 1975ರ ಏಪ್ರಿಲಿನಲ್ಲಿ ಜಿಯೋಸ್-3 ಹೋಯಿತು, ಅಳತೆ ಸುಧಾರಿಸಿತು. 1978ರ ಜೂನಿನಲ್ಲಿ ಸೀಸ್ಯಾಟ್ ಹೋಯಿತು.

ಸೀಸ್ಯಾಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಡಲಿಗೆಂದೇ ಕಟ್ಟಿದ ಮೊದಲ ಉಪಗ್ರಹ ಅದು. ಗಾಳಿ, ಅಲೆ, ನೀರಿನ ಶಾಖ, ಮೇಲ್ಮೈಯ ಎತ್ತರ, ಎಲ್ಲವನ್ನೂ ಒಟ್ಟಿಗೆ ನೋಡುವ ಉಪಕರಣಗಳು ಅದರಲ್ಲಿದ್ದವು. ವಿಲಿಯಮ್ಸ್‌ಟೌನ್‌ನವರು ಕೇಳಿದ್ದ 10 ಸೆಂಟಿಮೀಟರಿನ ಹತ್ತಿರಕ್ಕೆ ಅದರ ರೇಡಾರ್ ಬಂದಿತ್ತು. ಅಕ್ಟೋಬರಿನಲ್ಲಿ ಅದರ ವಿದ್ಯುತ್ ವ್ಯವಸ್ಥೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು, ಉಪಗ್ರಹ ಮೌನವಾಯಿತು. ಕೆಲಸ ಮಾಡಿದ್ದು 105 ದಿನ. ಆ ದಿನಗಳ ದತ್ತಾಂಶದ ಮೇಲೆ ವಿಜ್ಞಾನಿಗಳು ಹತ್ತಾರು ವರ್ಷ ದುಡಿದರು. ನ್ಯೂಯಾರ್ಕ್ ಹತ್ತಿರದ ಲ್ಯಾಮಾಂಟ್ ಪ್ರಯೋಗಶಾಲೆಯಲ್ಲಿ ವಿಲಿಯಂ ಹ್ಯಾಕ್ಸ್‌ಬಿ ಎಂಬವರು ಅದರಿಂದ ಕಡಲುಗಳ ಗುರುತ್ವದ ನಕ್ಷೆ ಬಿಡಿಸಿದರು. ನೀರಿನ ಎತ್ತರವನ್ನಷ್ಟೇ ಅಳೆದ ಅಂಕಿಗಳಿಂದ ಕಡಲ ತಳದ ಬೆಟ್ಟಸಾಲುಗಳು, ಬಿರುಕುಗಳು, ಕಮರಿಗಳು ಮೂಡಿ ಬಂದವು. ಎರಡು ಸಾವಿರ ಮೀಟರ್ ಎತ್ತರದ ಮುಳುಗು ಬೆಟ್ಟವೊಂದು ತನ್ನ ಸೆಳೆತದಿಂದ ಸುತ್ತಲಿನ ನೀರನ್ನು ಎಳೆದುಕೊಂಡು ಮೇಲೆ ಎರಡು ಮೀಟರಿನ ಉಬ್ಬು ಮಾಡಿರುತ್ತದೆ. ಆ ಉಬ್ಬು ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿರುವುದರಿಂದ ಅದರ ಮೇಲೆ ಹೋಗುವ ಹಡಗಿನವರಿಗೆ ಏರಿದ್ದೂ ಗೊತ್ತಾಗದು, ಇಳಿದದ್ದೂ ಗೊತ್ತಾಗದು.

ಇದರ ಮಹತ್ವ ಮೊದಲು ಅರ್ಥವಾದದ್ದು ನೌಕಾಪಡೆಗೆ. ಜಲಾಂತರ್ಗಾಮಿಯಿಂದ ಹಾರಿಸಿದ ಕ್ಷಿಪಣಿ ಗುರಿ ಮುಟ್ಟಬೇಕಾದರೆ ಹೊರಟ ಜಾಗದ ಗುರುತ್ವ ಸರಿಯಾಗಿ ತಿಳಿದಿರಬೇಕು. 1985ರ ಮಾರ್ಚಿನಲ್ಲಿ ಅಮೆರಿಕದ ನೌಕಾಪಡೆ ಜಿಯೋಸ್ಯಾಟ್ ಹಾರಿಸಿತು. ಮೊದಲ ಹದಿನೆಂಟು ತಿಂಗಳು ಅದು ಕಡಲನ್ನು ಒತ್ತೊತ್ತಾದ ಗೆರೆಗಳಲ್ಲಿ ಅಳೆಯಿತು. ಆ ದತ್ತಾಂಶವೆಲ್ಲ ರಹಸ್ಯ. ಅದು ಮುಗಿದ ಮೇಲೆ 1986ರ ಕೊನೆಗೆ ಉಪಗ್ರಹವನ್ನು ಸೀಸ್ಯಾಟ್ ಓಡಿದ್ದ ಹಾದಿಗೇ ತಂದು ನಿಲ್ಲಿಸಿದರು. ಆ ಹಾದಿಯ ಅಳತೆ ಹೇಗೂ ಲೋಕಕ್ಕೆ ಗೊತ್ತಿದ್ದರಿಂದ ಅಲ್ಲಿಂದ ಮುಂದಿನದನ್ನು ಬಚ್ಚಿಡುವ ಅಗತ್ಯವಿರಲಿಲ್ಲ. ಒಂದೇ ಹಾದಿಯಲ್ಲಿ 17 ದಿನಕ್ಕೊಮ್ಮೆ ಮತ್ತೆ ಮತ್ತೆ ಬರುವ ಈ ಓಟ ಸಾಗರ ವಿಜ್ಞಾನಿಗಳಿಗೆ ವರವಾಯಿತು. ಒಂದೇ ಜಾಗದ ನೀರು ಕಾಲಕಾಲಕ್ಕೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಮೊದಲ ಸಲ ವರ್ಷಗಟ್ಟಲೆ ನೋಡಲು ಸಾಧ್ಯವಾಯಿತು.

ರಹಸ್ಯದ ಭಾಗದ ಹೆಚ್ಚಿನ ಪಾಲು ಮಾತ್ರ ಹತ್ತು ವರ್ಷ ಕಪಾಟಿನಲ್ಲೇ ಉಳಿಯಿತು. ಅದನ್ನು ಹೊರಗೆ ತಂದದ್ದು ಯುರೋಪಿನವರು. 1991ರ ಜುಲೈಯಲ್ಲಿ ಹೋದ ಅವರ ಇಆರ್‌ಎಸ್-1 ಉಪಗ್ರಹ 1994–95ರಲ್ಲಿ ಅಂಥದೇ ಒತ್ತು ಗೆರೆಗಳ ಅಳತೆ ಮಾಡಿ ಎಲ್ಲರಿಗೂ ಕೊಟ್ಟಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. 1995ರಲ್ಲಿ ಜಿಯೋಸ್ಯಾಟ್‌ನ ಅಂಕಿಗಳನ್ನೂ ಬಿಡುಗಡೆ ಮಾಡಿದರು. ಎರಡನ್ನೂ ಸೇರಿಸಿ ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ 1997ರಲ್ಲಿ ಪ್ರಕಟಿಸಿದ ಕಡಲ ತಳದ ನಕ್ಷೆ ಇಂದು ನಾವು ಭೂಪಟಗಳಲ್ಲಿ ನೋಡುವ ನೀಲಿ ಬೆಟ್ಟಕಣಿವೆಗಳ ತಾಯಿ. ಕಡಲಿನ ಅಳತೆ ಎಲ್ಲರ ಸ್ವತ್ತು ಎಂದು ನಾನು ಗಟ್ಟಿಯಾಗಿ ನಂಬಿದವನು. ಆ ಹತ್ತು ವರ್ಷ ಲೋಕ ಕಳೆದುಕೊಂಡದ್ದೇ ಎಂದು ನನ್ನ ಎಣಿಕೆ.

ಆ ನಕ್ಷೆಗಳಲ್ಲಿ ನಮ್ಮ ಮನೆಯಂಗಳದ ಸಂಗತಿಯೊಂದಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮೇಲ್ಮೈ, ಭೂಮಿಯ ಆಕಾರಕ್ಕೆಂದು ಗಣಿತದಲ್ಲಿ ಹಿಡಿದಿರುವ ನಯವಾದ ದೀರ್ಘಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಭೂಮಿಯ ಮೇಲೆ ಇಷ್ಟು ದೊಡ್ಡ ಗುರುತ್ವದ ತಗ್ಗು ಇನ್ನೊಂದಿಲ್ಲ. ಡಚ್ ವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್ 1948ರಲ್ಲಿ ಹಡಗಿನ ಗುರುತ್ವ ಸಮೀಕ್ಷೆಯಲ್ಲಿ ಇದನ್ನು ಗುರುತಿಸಿದ್ದರು. ಅದರ ಪೂರ್ಣ ಆಕಾರ ಕಂಡದ್ದು ಉಪಗ್ರಹಗಳಿಂದ. ಯಾಕೆ ಹೀಗೆ ಎಂಬ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಒಂದು ಉತ್ತರ ಕೊಟ್ಟರು. ಭಾರತ ಉತ್ತರಕ್ಕೆ ಸರಿದು ಬಂದಾಗ ನಡುವೆ ಇದ್ದ ಟೆಥಿಸ್ ಸಾಗರದ ತಳ ಭೂಮಿಯ ಒಡಲಿಗೆ ಮುಳುಗಿತು. ಅದು ಆಳಕ್ಕೆ ಇಳಿದು ಆಫ್ರಿಕಾದ ಕೆಳಗಿನ ಬಿಸಿ ರಾಶಿಯನ್ನು ಕದಡಿದ್ದರಿಂದ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಮೇಲೆದ್ದು ಹಿಂದೂ ಮಹಾಸಾಗರದ ಕಡೆಗೆ ಹರಡಿಕೊಂಡಿತು. ಆ ಹಗುರ ದ್ರವ್ಯದಿಂದಾಗಿ ಅಲ್ಲಿ ಸೆಳೆತ ಕಡಿಮೆ. ಗಣಕದಲ್ಲಿ ಹದಿನಾಲ್ಕು ಕೋಟಿ ವರ್ಷಗಳ ಚಲನೆಯನ್ನು ಮತ್ತೆ ಓಡಿಸಿ ಕಂಡುಕೊಂಡ ಉತ್ತರ ಇದು.

ಈಗ ಕಾರವಾರಕ್ಕೆ ಬರುತ್ತೇನೆ, ಯಾಕೆಂದರೆ ಕಡಲು ಸಮತಟ್ಟಾಗಿದೆ ಎಂಬ ಹಳೆಯ ನಂಬಿಕೆಯಲ್ಲಿ ನಮ್ಮ ಊರಿಗೂ ಪಾಲಿದೆ. ಬ್ರಿಟಿಷರ ಕಾಲದಲ್ಲಿ ಸರ್ವೆ ಇಲಾಖೆ ಭಾರತದ ಬಂದರುಗಳಲ್ಲಿ ಭರತ–ಇಳಿತದ ವೀಕ್ಷಣಾಲಯಗಳನ್ನು ಹೂಡಿತು. ಎ. ಡಬ್ಲ್ಯು. ಬೇರ್ಡ್ ಎಂಬ ಅಧಿಕಾರಿ ಅದರ ಉಸ್ತುವಾರಿ. ದಡದಲ್ಲಿ ಬಾವಿಯಂಥ ಕೊಳವೆ, ಅದರೊಳಗೆ ತೇಲುವ ಬುರುಡೆ, ಬುರುಡೆಗೆ ಕಟ್ಟಿದ ಸರಿಗೆ ಮೇಲೆ ಗಡಿಯಾರದ ಯಂತ್ರ ತಿರುಗಿಸುವ ಉರುಳೆಯ ಕಾಗದದ ಮೇಲೆ ಪೆನ್ಸಿಲ್ ಎಳೆಯುತ್ತದೆ. ಹಗಲೂ ರಾತ್ರಿ ನೀರಿನ ಏರಿಳಿತದ ಗೆರೆ ತಾನೇ ಮೂಡುತ್ತದೆ. ಕಾರವಾರದಲ್ಲಿ 1878ರಿಂದ 1883ರವರೆಗೆ ಹೀಗೆ ಬರೆದರು. ಈ ಗೆರೆಗಳಿಂದ ಮುಂದಿನ ವರ್ಷಗಳ ಭರತ–ಇಳಿತದ ಪಟ್ಟಿ ತಯಾರಿಸಲು ಭಾರತ ಸರ್ಕಾರಕ್ಕೆಂದೇ 1879ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ರಾಬರ್ಟ್ಸ್ ಗಾಲಿ–ಹಲ್ಲುಚಕ್ರಗಳ ದೊಡ್ಡ ಯಂತ್ರವೊಂದನ್ನು ಕಟ್ಟಿಸಿದರು.

ದೇಶದ ಎತ್ತರಗಳನ್ನೆಲ್ಲ ಒಂದು ಸೊನ್ನೆಗೆ ಹೊಂದಿಸುವ ಕೆಲಸ 1909ರಲ್ಲಿ ಮುಗಿದಾಗ ಆ ಸೊನ್ನೆ ನಿಂತದ್ದು ಒಂಬತ್ತು ಬಂದರುಗಳ ಸರಾಸರಿ ನೀರಿನ ಮಟ್ಟದ ಮೇಲೆ: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ರೈಲ್ವೆ ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಅದರ ಬೇರು ಇರುವುದು ಇಲ್ಲಿ. ಅರಸೀಕೆರೆಯಲ್ಲೋ ಬೀರೂರಿನಲ್ಲೋ ಆ ಹಲಗೆ ಕಂಡಾಗಲೆಲ್ಲ ಅದರಲ್ಲಿ ಕಾರವಾರದ ಐದಾರು ವರ್ಷದ ನೀರೂ ಸೇರಿದೆ ಎಂದು ನನಗೆ ಹೆಮ್ಮೆಯಾಗುತ್ತದೆ. ಒಂಬತ್ತೂ ಬಂದರುಗಳಲ್ಲಿ ಕಡಲು ಒಂದೇ ಮಟ್ಟದಲ್ಲಿದೆ ಎಂದು ಅಂದಿನ ಲೆಕ್ಕಿಗರು ಹಿಡಿದಿದ್ದರು. ಅವರ ಕೈಯಲ್ಲಿದ್ದ ಸಾಧನಗಳಿಂದ ಬೇರೆ ದಾರಿಯೂ ಇರಲಿಲ್ಲ. ಗಾಳಿ, ಪ್ರವಾಹ, ನೀರಿನ ಉಪ್ಪು, ಶಾಖ ಇವುಗಳಿಂದ ಒಂದು ಕರಾವಳಿಯ ನೀರು ಇನ್ನೊಂದಕ್ಕಿಂತ ಮೇಲಿರುತ್ತದೆ ಎಂಬುದನ್ನು ಲೋಕದ ಎಲ್ಲ ಕಡಲುಗಳಲ್ಲೂ ಅಳೆದು ತೋರಿಸಲು ಇನ್ನೂ ಎಂಬತ್ತು ವರ್ಷ ಕಾಯಬೇಕಾಯಿತು.

ಅದನ್ನು ತೋರಿಸಿದ್ದು ಟೋಪೆಕ್ಸ್–ಪೊಸೈಡನ್. ನಾಸಾದವರು ಟೋಪೆಕ್ಸ್ ಎಂಬ ಯೋಜನೆ ಹಾಕಿಕೊಂಡಿದ್ದರು, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯವರು ಪೊಸೈಡನ್ ಎಂಬುದನ್ನು. ಎರಡನ್ನೂ ಬೇರೆಬೇರೆಯಾಗಿ ಮಾಡಲು ಹಣ ಸಾಲದು ಎಂದು ಒಂದೇ ಉಪಗ್ರಹದಲ್ಲಿ ಕೂಡಿಸಿದರು. ಎರಡೂ ದೇಶದ ರೇಡಾರುಗಳಿಗೆ ಒಂದೇ ಆಂಟೆನಾ; ಸರದಿಯಲ್ಲಿ ಕೆಲಸ. 1992ರ ಆಗಸ್ಟ್ 10ರಂದು ದಕ್ಷಿಣ ಅಮೆರಿಕದ ಕೂರೂ ಉಡ್ಡಯನ ಕೇಂದ್ರದಿಂದ ಯುರೋಪಿನ ಏರಿಯಾನ್ ರಾಕೆಟ್ ಅದನ್ನು ಹೊತ್ತು ಹೋಯಿತು. ವಾತಾವರಣದ ಎಳೆತ ತಟ್ಟದಿರಲಿ ಎಂದು 1,336 ಕಿಲೋಮೀಟರ್ ಎತ್ತರದಲ್ಲಿ ಇಟ್ಟರು. ಸುಮಾರು ಹತ್ತು ದಿನಕ್ಕೊಮ್ಮೆ ಅದೇ ಹಾದಿಗೆ ಬರುವಂತೆ ಕಕ್ಷೆಯನ್ನು ಹೊಂದಿಸಿದರು. ಎರಡು ಕಂಪನಾಂಕಗಳ ರೇಡಾರ್ ಅಯಾನುಗೋಳದ ತಪ್ಪನ್ನು ಕಳೆಯುತ್ತಿತ್ತು, ಪಕ್ಕದಲ್ಲಿದ್ದ ರೇಡಿಯೋಮೀಟರ್ ನೀರಾವಿಯ ತಪ್ಪನ್ನು. ಉಪಗ್ರಹ ಎಲ್ಲಿದೆ ಎಂದು ಹಿಡಿಯಲು ನೆಲದಿಂದ ಲೇಸರ್, ಲೋಕದ ಮೂಲೆಮೂಲೆಯಲ್ಲಿ ನೆಟ್ಟ ಫ್ರೆಂಚರ ಡೋರಿಸ್ ರೇಡಿಯೋ ಕೇಂದ್ರಗಳು, ಮೇಲಿನಿಂದ ಜಿಪಿಎಸ್. ಕಕ್ಷೆಯ ಎತ್ತರವನ್ನು 13 ಸೆಂಟಿಮೀಟರಿನೊಳಗೆ ಹಿಡಿದರೆ ಸಾಕು ಎಂದುಕೊಂಡು ಹೊರಟವರು ಎರಡು ಮೂರು ಸೆಂಟಿಮೀಟರಿಗೆ ಬಂದು ಮುಟ್ಟಿದರು. ಮೂರು ವರ್ಷಕ್ಕೆಂದು ಕಳಿಸಿದ ಉಪಗ್ರಹ ಹದಿಮೂರು ವರ್ಷ ದುಡಿಯಿತು. ಸಾಗರ ವಿಜ್ಞಾನದ ಹಿರಿಯ ವಾಲ್ಟರ್ ಮಂಕ್ ಇದನ್ನು ಸಾಗರದ ಮೇಲೆ ನಡೆದ ಪ್ರಯೋಗಗಳಲ್ಲೆಲ್ಲ ಅತ್ಯಂತ ಯಶಸ್ವಿಯಾದದ್ದು ಎಂದು ಕರೆದರು. ಬೇರ್ಡ್ ಸಾಹೇಬರ ಕಾಲದಲ್ಲಿ ಬಂದರಿನ ಬಾಯಲ್ಲಿ ಮಾತ್ರ ಗೊತ್ತಿದ್ದ ಭರತ–ಇಳಿತ, ನಡುಗಡಲಿನಲ್ಲೂ ಎರಡು ಮೂರು ಸೆಂಟಿಮೀಟರಿನ ಲೆಕ್ಕದಲ್ಲಿ ಗೊತ್ತಾದದ್ದು ಇದರಿಂದಲೇ.

ಈ ಉಪಗ್ರಹದ ಕತೆಯಲ್ಲಿ ನನಗೆ ತುಂಬ ಮುಖ್ಯವೆನಿಸುವ ಘಟನೆ ಹೊಗಳಿಕೆಯದ್ದಲ್ಲ, ತಪ್ಪಿನದು. ಮೊದಲ ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಿದಾಗ ಲೋಕದ ಕಡಲಿನ ಸರಾಸರಿ ಮಟ್ಟ ನಿರೀಕ್ಷೆಗಿಂತ ಬಹಳ ವೇಗವಾಗಿ ಏರುತ್ತಿರುವಂತೆ ಕಂಡಿತು. ಅತ್ತ ಗ್ಯಾರಿ ಮಿಚಮ್ ಎಂಬ ವಿಜ್ಞಾನಿ ದ್ವೀಪಗಳ, ಬಂದರುಗಳ ಅಳತೆ ಕಂಬಗಳ ದಾಖಲೆಗಳನ್ನು ಉಪಗ್ರಹದ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ಎರಡೂ ಹೊಂದುತ್ತಿರಲಿಲ್ಲ, ವರ್ಷ ಕಳೆದಂತೆ ಅಂತರ ಹಿಗ್ಗುತ್ತಿತ್ತು. 1996ರಲ್ಲಿ ಕಾರಣ ಸಿಕ್ಕಿತು. ಉಪಗ್ರಹದ ಗಡಿಯಾರವನ್ನು ನಡೆಸುವ ಆಂದೋಲಕ ನಿಧಾನವಾಗಿ ದಾರಿ ತಪ್ಪುತ್ತದೆ. ಅದನ್ನು ಸರಿಪಡಿಸಲು ಬರೆದ ಗಣಕದ ಲೆಕ್ಕದಲ್ಲೇ ದೋಷವಿತ್ತು. ಅದರಿಂದ ವರ್ಷಕ್ಕೆ ಹಲವು ಮಿಲಿಮೀಟರಿನ ಸುಳ್ಳು ಏರಿಕೆ ಹುಟ್ಟಿತ್ತು. ದೋಷವನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿ ಲೆಕ್ಕ ತಿದ್ದಿದರು. ಕೋಟಿಗಟ್ಟಲೆ ಡಾಲರಿನ ಉಪಗ್ರಹದ ಮೇಲೆ ಶಂಕೆ ಎತ್ತಲು ಬೇಕಾದದ್ದು ಅಪ್ಪನಂಥವರು ಧಕ್ಕೆಯಲ್ಲಿ ನಿಂತು ಬರೆದ ಪುಸ್ತಕಗಳು. ಇವತ್ತಿಗೂ ಉಪಗ್ರಹದ ಅಳತೆಯನ್ನು ಲೋಕದ ಹತ್ತಾರು ಅಳತೆ ಕಂಬಗಳ ಜೊತೆ ತಾಳೆ ನೋಡದೆ ಯಾರೂ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಹಾರ್ವೆಸ್ಟ್ ಎಂಬ ತೈಲದ ಕಟ್ಟೆಯಿದೆ. ಉಪಗ್ರಹದ ಹಾದಿ ನೇರ ಅದರ ಮೇಲೆ ಹೋಗುವಂತೆ ಇಟ್ಟಿದ್ದಾರೆ. 1992ರಿಂದ ಹಲವು ವರ್ಷ ಅಲ್ಲಿ ಕಟ್ಟೆಯ ಕೆಳಗಿನ ನೀರನ್ನು ಅಳೆದು ಹೋಲಿಸಿದರು.

1997ರಲ್ಲಿ ಪೆಸಿಫಿಕ್‌ನ ಬಿಸಿ ನೀರು ಪಶ್ಚಿಮದಿಂದ ದಕ್ಷಿಣ ಅಮೆರಿಕದ ಕಡೆಗೆ ಸಾಗುವುದನ್ನು, ಅಂದರೆ ದೊಡ್ಡದೊಂದು ಎಲ್ ನಿನೊ ಬೆಳೆಯುವುದನ್ನು, ಈ ಉಪಗ್ರಹ ತಿಂಗಳು ತಿಂಗಳು ತೋರಿಸಿತು. ಬಿಸಿ ನೀರು ಹಿಗ್ಗುತ್ತದೆ, ಹಿಗ್ಗಿದ ಕಡೆ ಕಡಲು ಎತ್ತರ. ನಮ್ಮ ಮುಂಗಾರಿನ ಲೆಕ್ಕ ಹಾಕುವವರಿಗೂ ಇದು ಬೇಕಾದ ಸುದ್ದಿ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾದ ಭೂಕಂಪ ಆದ ಸುಮಾರು ಎರಡು ಗಂಟೆಗೆ ಟೋಪೆಕ್ಸ್–ಪೊಸೈಡನ್ ಮತ್ತು ಅದರ ಉತ್ತರಾಧಿಕಾರಿ ಜೇಸನ್-1 ಬಂಗಾಳ ಕೊಲ್ಲಿಯ ಮೇಲೆ ಹಾದುಹೋದವು. ಆಳ ಕಡಲಿನಲ್ಲಿ ಸುನಾಮಿಯ ಎತ್ತರ ಸುಮಾರು 60 ಸೆಂಟಿಮೀಟರ್ ಎಂದು ಅವುಗಳ ಅಂಕಿಗಳಲ್ಲಿ ದಾಖಲಾಯಿತು. ಅಷ್ಟು ಗಿಡ್ಡ ಅಲೆ ದಡಕ್ಕೆ ಬಂದಾಗ ಏನು ಮಾಡಿತು ಎಂಬುದು ಎಲ್ಲರಿಗೂ ಗೊತ್ತು. ಅಂಕಿಗಳು ನೆಲಕ್ಕೆ ಬಂದು, ಲೆಕ್ಕವಾಗಿ, ವಿಜ್ಞಾನಿಗಳ ಕೈ ಸೇರಲು ಗಂಟೆಗಳು ಹಿಡಿದವು. ಎಚ್ಚರಿಕೆಗೆ ಅದು ಒದಗಲಿಲ್ಲ. ಆದರೆ ನಡುಗಡಲಿನಲ್ಲಿ ಸುನಾಮಿ ಹೇಗೆ ಹರಡುತ್ತದೆ ಎಂಬ ಗಣಿತವನ್ನು ಒರೆಗೆ ಹಚ್ಚಲು ಅಂದಿನ ಅಳತೆಗಳು ನೆರವಾದವು.

ಜೇಸನ್-1 ಹೋದದ್ದು 2001ರ ಡಿಸೆಂಬರಿನಲ್ಲಿ. ಹೋದ ಕೂಡಲೇ ಅದನ್ನು ತನ್ನ ಪಾಡಿಗೆ ಬಿಡಲಿಲ್ಲ. ಹಳೆಯ ಉಪಗ್ರಹದ ಹಾದಿಯಲ್ಲೇ, ಸುಮಾರು ಒಂದು ನಿಮಿಷದ ಅಂತರದಲ್ಲಿ, ತಿಂಗಳುಗಟ್ಟಲೆ ಓಡಿಸಿದರು. ಪೇಟೆಯ ದಿನಸಿ ಅಂಗಡಿಯವರು ಹೊಸ ತಕ್ಕಡಿ ತಂದಾಗ ಹಳೆಯದನ್ನು ಪಕ್ಕದಲ್ಲಿಟ್ಟು ಅದೇ ಅಕ್ಕಿಯನ್ನು ಎರಡರಲ್ಲೂ ತೂಗಿ ನೋಡುವ ಹಾಗೆ, ಒಂದೇ ನೀರನ್ನು ಎರಡೂ ಅಳೆದು, ಹೊಸದು ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ತೋರಿಸುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಹಳೆಯದಕ್ಕೆ ಬೇರೆ ಹಾದಿ. 2008ರಲ್ಲಿ ಜೇಸನ್-2, 2016ರಲ್ಲಿ ಜೇಸನ್-3, ಎರಡಕ್ಕೂ ಇದೇ ಕ್ರಮ. 2020ರ ನವೆಂಬರಿನಲ್ಲಿ ಹೋದ ಸೆಂಟಿನೆಲ್-6 ಜೇಸನ್-3ರ ಹಿಂದೆ 30 ಸೆಕೆಂಡಿನ ಅಂತರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಓಡಿ 2022ರ ಏಪ್ರಿಲಿನಲ್ಲಿ ಹೊಣೆ ವಹಿಸಿಕೊಂಡಿತು. ಅದಕ್ಕೆ ನಾಸಾದ ಭೂವಿಜ್ಞಾನ ವಿಭಾಗವನ್ನು ನಡೆಸಿದ ಮೈಕೆಲ್ ಫ್ರೈಲಿಕ್ ಅವರ ಹೆಸರಿಟ್ಟಿದ್ದಾರೆ. ಹೆಸರಿಟ್ಟಾಗ ಅವರು ಇದ್ದರು. ಹಾರುವ ಮೂರು ತಿಂಗಳ ಮುಂಚೆ ತೀರಿಕೊಂಡರು. ಹೀಗೆ 1992ರಿಂದ ಇವತ್ತಿನವರೆಗೆ ಒಂದೇ ಹಾದಿಯಲ್ಲಿ ಒಂದೇ ಕಡಲನ್ನು ಹತ್ತು ದಿನಕ್ಕೊಮ್ಮೆ ಎಡೆಬಿಡದೆ ಅಳೆದ ದಾಖಲೆ ಉಳಿದಿದೆ. ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರಿನ ಬದಲಾವಣೆಯನ್ನು ಹಿಡಿಯಲು ಬುದ್ಧಿವಂತಿಕೆಗಿಂತ ಮುಖ್ಯವಾದದ್ದು ಈ ಎಡೆಬಿಡದಿರುವಿಕೆ. ಒಂದು ವರ್ಷ ಹಾದಿ ಬರಿದಾದರೆ ಹಿಂದಿನದಕ್ಕೂ ಮುಂದಿನದಕ್ಕೂ ಗಂಟು ಹಾಕುವುದು ಕಷ್ಟ.

ಹಾದಿ ಬರಿದಾದ ಒಂದು ಸಂದರ್ಭದಲ್ಲಿ ನೆರವಿಗೆ ಬಂದದ್ದು ಭಾರತ. ಇಆರ್‌ಎಸ್-1 ತೆರೆದ, 35 ದಿನಕ್ಕೊಮ್ಮೆ ಮರಳುವ ಇನ್ನೊಂದು ಹಾದಿಯಿತ್ತು. ಟೋಪೆಕ್ಸ್‌ನ ಹಾದಿಗಿಂತ ಇದರ ಗೆರೆಗಳು ಒತ್ತಾಗಿವೆ, ಧ್ರುವಗಳ ಹತ್ತಿರಕ್ಕೂ ಹೋಗುತ್ತವೆ. ಆ ಹಾದಿಯಲ್ಲಿ ಓಡಿದ್ದ ಯುರೋಪಿನ ಎನ್ವಿಸ್ಯಾಟ್ 2012ರ ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಸಂಪರ್ಕ ಕಡಿದುಕೊಂಡಿತು. 2013ರ ಫೆಬ್ರುವರಿ 25ರ ಸಂಜೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20 ಹೊತ್ತೊಯ್ದ ಸರಳ್ ಉಪಗ್ರಹ ಆ ಹಾದಿಯನ್ನು ಮತ್ತೆ ಹಿಡಿಯಿತು. ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅಂದು ಅಲ್ಲಿದ್ದರು. ನಾನೂರು ಕಿಲೋಗ್ರಾಮಿನ ಆಸುಪಾಸಿನ ಸಣ್ಣ ಉಪಗ್ರಹ. ಒಡಲು ಇಸ್ರೋದ್ದು, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡದ್ದು. ಅದರೊಳಗಿನ ಆಲ್ಟಿಕಾ ರೇಡಾರ್ ಫ್ರೆಂಚರದು. ಹಾರಿದ ಮೇಲೆ ಅದನ್ನು ನಡೆಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರ. ಕಡಲಿನ ಎತ್ತರಕ್ಕೆ 35 ಗಿಗಾಹರ್ಟ್ಸ್ ಮೀರಿದ ಕಾ-ಬ್ಯಾಂಡ್ ಅಲೆಗಳನ್ನು ಬಳಸಿದ ಮೊದಲ ಉಪಗ್ರಹ ಇದು. ಮಳೆ ಈ ಅಲೆಗಳನ್ನು ನುಂಗಿಬಿಡುತ್ತದೆ ಎಂದು ಮೊದಲು ಬಹಳ ಮಂದಿ ಅಂಜಿದ್ದರು. ನಷ್ಟ ಅಷ್ಟಾಗಲಿಲ್ಲ, ದಡದ ಹತ್ತಿರದ ನೀರನ್ನು ಹಿಂದಿನ ರೇಡಾರುಗಳಿಗಿಂತ ಚೊಕ್ಕವಾಗಿ ನೋಡಲು ಸಾಧ್ಯವಾಯಿತು.

ಪೀಣ್ಯಕ್ಕೂ ಕಡಲಿಗೂ ಇದು ಮೊದಲ ನಂಟಲ್ಲ. ಸೀಸ್ಯಾಟ್ ಸತ್ತ ಮರುವರ್ಷ, 1979ರ ಜೂನಿನಲ್ಲಿ, ಸೋವಿಯತ್ ರಾಕೆಟಿನಲ್ಲಿ ಹೋದ ಭಾಸ್ಕರ ಉಪಗ್ರಹ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾದದ್ದು. ಉಡುಪಿ ಹತ್ತಿರದ ಅದಮಾರಿನವರಾದ ಯು. ಆರ್. ರಾವ್ ಆಗ ಉಪಗ್ರಹ ಕೇಂದ್ರದ ನಿರ್ದೇಶಕರು. ಅದರಲ್ಲಿದ್ದ ಸಮೀರ್ ಎಂಬ ಮೈಕ್ರೋವೇವ್ ರೇಡಿಯೋಮೀಟರ್ ಕಡಲಿನ ಮೇಲಿನ ನೀರಾವಿಯನ್ನು ಅಳೆಯಿತು. ಎತ್ತರ ಅಳೆಯುವವರು ಕಳೆಯಬೇಕಾದ ತಪ್ಪುಗಳಲ್ಲಿ ಬಹಳ ತುಂಟತನದ್ದು ಆ ನೀರಾವಿಯೇ.

ಈ ಉಪಗ್ರಹಗಳು ನಮ್ಮ ಕಡಲಿನ ಬಗ್ಗೆ ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮೂರಿನ ಕಾಳಿ ನದಿ ಕೆಂಪಾಗಿ ತುಂಬಿ ಹರಿಯುತ್ತದೆ, ಅಲೆಗಳು ದಡ ಮೀರುತ್ತವೆ. ಹಾಗಿದ್ದರೂ ಅಲೆಯನ್ನೂ ಭರತ–ಇಳಿತವನ್ನೂ ಕಳೆದು ತಿಂಗಳ ಸರಾಸರಿ ನೋಡಿದರೆ ಮಳೆಗಾಲದ ಕೊನೆಗೆ ಕಡಲು ತಗ್ಗಿರುತ್ತದೆ, ಡಿಸೆಂಬರಿನ ಹೊತ್ತಿಗೆ ಎದ್ದಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕಾರಣ ಅವರಿಗೆ ತಿಳಿದಿರಲಿಲ್ಲ, ನನಗೂ ಆಗ ತಿಳಿದಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ದಡದ ನೀರು ಆಚೆಗೆ ಸರಿದು ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ, ಮಟ್ಟ ಇಳಿಯುತ್ತದೆ. ಮೀನಿನ ಸುಗ್ಗಿಗೆ ಆ ತಣ್ಣೀರೇ ಆಧಾರ. ಚಳಿಗಾಲದಲ್ಲಿ ಪ್ರವಾಹ ಉತ್ತರಕ್ಕೆ ತಿರುಗುತ್ತದೆ. ಅದಕ್ಕೆ ಕಾರಣ ನಮ್ಮ ಗಾಳಿಯೊಂದೇ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ಎದ್ದ ನೀರಿನ ಉಬ್ಬು ಕರಾವಳಿಯನ್ನು ತನ್ನ ಬಲಕ್ಕಿಟ್ಟುಕೊಂಡು, ಶ್ರೀಲಂಕಾವನ್ನು ಬಳಸಿ, ನಮ್ಮ ಕಡೆಗೆ ಬರುತ್ತದೆ. ಆ ಉಬ್ಬಿನಿಂದ ಲಕ್ಷದ್ವೀಪದ ಸುತ್ತ ಚಳಿಗಾಲದಲ್ಲಿ ನೂರಾರು ಕಿಲೋಮೀಟರ್ ಅಗಲದ ಎತ್ತರದ ನೀರು ನಿಲ್ಲುತ್ತದೆ. ಜಿಯೋಸ್ಯಾಟ್ ಅಂಕಿಗಳಲ್ಲಿ ಇದು ಮೊದಲು ಕಂಡಿತು. ಗೋವಾದ ದೋಣಾಪಾವಲದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಸತೀಶ್ ಶೇಟ್ಯೆ 1997ರಲ್ಲಿ ಇದರ ಹುಟ್ಟನ್ನು ವಿವರಿಸಿದರು. ಮದ್ರಾಸಿನ ಕಡಲಿನ ಉಬ್ಬು ಕಾರವಾರದ ಕಂಬದಲ್ಲಿ ಕಾಣುತ್ತದೆ ಎಂದು ಅಪ್ಪನಿಗೆ ಹೇಳಲು ನನಗೆ ಆಗಲಿಲ್ಲ. ಅವರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೂವತ್ತು ವರ್ಷಗಳ ದಾಖಲೆಯ ಒಟ್ಟು ಮಾತು ಇದು: 1993ರಿಂದ ಲೋಕದ ಕಡಲಿನ ಸರಾಸರಿ ಮಟ್ಟ ಸುಮಾರು 10 ಸೆಂಟಿಮೀಟರ್ ಏರಿದೆ. ಮೊದಲು ವರ್ಷಕ್ಕೆ ಎರಡು ಮಿಲಿಮೀಟರಿನ ಆಸುಪಾಸಿದ್ದ ವೇಗ ಈಗ ನಾಲ್ಕು ದಾಟಿದೆ. ನೀರು ಕಾದು ಹಿಗ್ಗಿದ್ದು ಒಂದು ಪಾಲು, ನೆಲದ ಮೇಲಿನ ಹಿಮ ಕರಗಿ ಸೇರಿದ್ದು ಇನ್ನೊಂದು. 2022ರ ಡಿಸೆಂಬರಿನಲ್ಲಿ ಹೋದ ಸ್ವಾಟ್ ಎಂಬ ಉಪಗ್ರಹ ಗೆರೆ ಎಳೆಯುವುದನ್ನು ಬಿಟ್ಟು, ಎರಡೂ ಬದಿಗೆ ಐವತ್ತೈವತ್ತು ಕಿಲೋಮೀಟರ್ ಅಗಲದ ಪಟ್ಟಿಯನ್ನೇ ಒಮ್ಮೆಗೆ ಅಳೆಯುತ್ತಿದೆ. ಕೆರೆ, ಹೊಳೆ, ಅಣೆಕಟ್ಟುಗಳ ನೀರನ್ನೂ ನೋಡುತ್ತಿದೆ. ಇದೂ ನಾಸಾ ಮತ್ತು ಫ್ರೆಂಚರ ಜಂಟಿ ಕೆಲಸ.

ಸರಳ್ 2016ರ ಜುಲೈಯಲ್ಲಿ ತನ್ನ ಕಟ್ಟುನಿಟ್ಟಿನ ಹಾದಿ ಬಿಟ್ಟಿತು. ಅದರ ದಿಕ್ಕು ಹಿಡಿಯುವ ಚಕ್ರಗಳು ದಣಿದಿದ್ದವು. ಹಾದಿ ಬಿಟ್ಟು ತೇಲುತ್ತ ಎಳೆದ ಹೊಸ ಗೆರೆಗಳೂ ಕಡಲ ತಳದ ನಕ್ಷೆಗೆ ಉಪಯೋಗವಾದವು. ಅದಾದ ಮೇಲೆ ಭಾರತ ಕಡಲಿನ ಎತ್ತರ ಅಳೆಯುವ ರೇಡಾರನ್ನು ಕಳಿಸಿಲ್ಲ. 2022ರ ನವೆಂಬರಿನಲ್ಲಿ ಹೋದ ನಮ್ಮ ಓಷನ್‌ಸ್ಯಾಟ್-3ರಲ್ಲೂ ಅದು ಇರಲಿಲ್ಲ. ಹೊಸ ಅಳತೆಯಂತೆ ಹನ್ನೊಂದು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕರಾವಳಿಯ ದೇಶ ನಮ್ಮದು. ಉಪಗ್ರಹ ಕಟ್ಟಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ. ಸರಳ್‌ಗೆ ಉತ್ತರಾಧಿಕಾರಿ ಬೇಕು, ಸ್ವಂತ ರೇಡಾರಿನೊಂದಿಗೆ ಬೇಕು. ಅದರ ಅಳತೆಯನ್ನು ತಾಳೆ ನೋಡಲು ಕೆಳಗೆ ಕಂಬಗಳೂ ಬೇಕು. ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರು, ಎಲ್ಲೇ ಆಗಲಿ, ಬಂದರು ಕಚೇರಿಯ ಮೂಲೆಯಲ್ಲಿ ನೀರಿನ ಮಟ್ಟ ಬರೆದ ಹಳೆಯ ಪುಸ್ತಕಗಳು ಬಿದ್ದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಸಾಗರ ವಿಜ್ಞಾನಿಗಳಿಗೆ ತಲುಪಿಸಿ.